ಚಾಕು ಗುರುತಿನ ಹಲಗೆ

ಸೆಪ್ಟೆಂಬರ್ ೨೯

ಅಕ್ಕ,

ನೀನು ಫೋನ್ ಎತ್ತುವುದಿಲ್ಲ, ಅದಕ್ಕೆ ಕಾಗದ. ಬೇಕಿದ್ದರೆ ಹರಿದು ಹಾಕು. ಹರಿಯುವ ಮೊದಲು ಒಂದು ಸಾಲಾದರೂ ಕಣ್ಣಿಗೆ ಬೀಳುತ್ತದೆ, ನನಗೆ ಅಷ್ಟು ಸಾಕು.

ಹನ್ನೊಂದು ವರ್ಷ ಈ ಊರಿನ ಬಾಸ್ಕೆಟ್‌ಬಾಲ್ ತಂಡದಲ್ಲಿ ಆಡಿದವಳು ಆ ಊರಿನ ತಂಡಕ್ಕೆ ಸೇರಿದ ಸುದ್ದಿ ನಮಗೆ ಪೇಪರಿನಲ್ಲಿ ಗೊತ್ತಾಯಿತು. ನಾನೇ ಅಪ್ಪನಿಗೆ ಓದಿ ಹೇಳಿದೆ. ಫೋಟೋದಲ್ಲಿ ನೀನು ಅವರ ಹಸಿರು ಅಂಗಿಯನ್ನು ಎದೆಗೆ ಹಿಡಿದುಕೊಂಡು ನಗುತ್ತಿದ್ದೆ. ಅಪ್ಪ ಕನ್ನಡಕ ಹಾಕಿಕೊಂಡು ನೋಡಿ, "ಹಲ್ಲಿನ ಸಂದು ಮುಚ್ಚಿಸ್ಕೊಂಡಿದಾಳಲ್ಲ," ಅಂದರು. ಅಷ್ಟೇ. ಆಮೇಲೆ ಪೇಪರನ್ನು ನಾಲ್ಕು ಮಡಿಕೆ ಮಾಡಿ ಮಂಚದ ಕಾಲಿನ ಕೆಳಗೆ ಇಟ್ಟರು. ಮಂಚ ಅಲ್ಲಾಡುತ್ತದೆ ಅಂತ ಹೇಳಿದರು. ನಿನ್ನ ಮುಖದ ಮೇಲೆ ಅಪ್ಪ ಮಲಗುತ್ತಿದ್ದಾರೆ ಅಂತ ನಿನಗೆ ತಿಳಿಸೋಣ ಅನ್ನಿಸಿತು.

ಹಾಲು ತರುವವಳು ನಿನ್ನೆ ಕೇಳಿದಳು: "ಹೋದ ಫೈನಲ್‌ನಲ್ಲಿ ಚೆಂಡು ಬಿಟ್ಕೊಟ್ಟಿದ್ದು ಇದಕ್ಕೇನಾ? ಅವರೇ ಕರೆಸ್ಕೊಂಡ್ರಂತೆ?" ನಾನು ಹಾಲು ತೆಗೆದುಕೊಂಡು ಬಾಗಿಲು ಹಾಕಿದೆ. ನನಗೆ ಉತ್ತರ ಕೊಡಲು ಬರುವುದಿಲ್ಲ, ನಿನಗೆ ಗೊತ್ತು. ಬಾಯಲ್ಲಿ ಬಾರದ್ದು ಕೈಯಲ್ಲಿ ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಏಪ್ರಿಲ್ ತಿಂಗಳ ಆ ಫೈನಲ್ ಆದ ಮೇಲೆ ನೀನು ನನ್ನ ಜೊತೆ ಒಂದು ಮಾತೂ ಆಡಿಲ್ಲ. ಐದು ತಿಂಗಳು ಒಂದೇ ಮನೆಯಲ್ಲಿ ಗೋಡೆಯ ಹಾಗೆ ಇದ್ದು ಎದ್ದು ಹೋದೆ. ನನ್ನ ಮೇಲೆ ಏನಾದರೂ ಇದ್ದರೆ ಹೇಳು. ಇಲ್ಲದಿದ್ದರೆ ಇಲ್ಲ ಅನ್ನು.

ನಾಳೆ ಹೊಸ ಸೀಸನ್ನಿಗೆ ಸಭಾಂಗಣದ ಸ್ಕೇಟಿಂಗ್ ಐಸ್ ಮೇಲೆ ಆಟದ ಮರದ ನೆಲ ಹಾಸುತ್ತೇವೆ. ಇನ್ನೂರ ಇಪ್ಪತ್ನಾಲ್ಕು ಹಲಗೆ, ಒಂದೊಂದೂ ಬಾಗಿಲಿನಷ್ಟು ದೊಡ್ಡದು; ಐಸ್ ಬೇಕಾದಾಗಲೆಲ್ಲ ಎತ್ತಬೇಕು, ಪಂದ್ಯಕ್ಕೆ ಮತ್ತೆ ಹಾಸಬೇಕು. ಅಪ್ಪನ ಮೊಣಕಾಲು ಇನ್ನು ಭಾರ ತಡೆಯುವುದಿಲ್ಲ ಅಂತ ಡಾಕ್ಟರ್ ಹೇಳಿಬಿಟ್ಟಿದ್ದಾರೆ. ಅಪ್ಪ ಹಿಡಿಯುತ್ತಿದ್ದ ತುದಿಯನ್ನು ಈಗ ಬೇರೆ ಒಬ್ಬಳು ಹಿಡಿಯುತ್ತಾಳೆ. ಅವಳು ಹೆಜ್ಜೆ ಹಾಕುವಾಗ ಎಣಿಸುವುದಿಲ್ಲ.

ತಂಗಿ


ಅಕ್ಟೋಬರ್ ೧೪

ತಂಗೀ,

ಕೇಳಿದೆಯಲ್ಲ, ಹೇಳುತ್ತೇನೆ. ಹೋಟೆಲಿನ ರೂಮಿನಲ್ಲಿದ್ದೇನೆ. ತಂಡದ ಬಸ್ಸಿಗೆ ಇನ್ನೂ ಒಂದು ಗಂಟೆ ಇದೆ. ಬೈಯಲು ಅಷ್ಟು ಸಾಕು.

ನಿಮ್ಮ ಮೇಸ್ತ್ರಿಗೆ ಗೆರೆ ಬಳಿದ ಹಲಗೆಗಳು ಮಾತ್ರ ಮುಖ್ಯ. ಗೆರೆಯಿಲ್ಲದ ಬರೀ ಹಲಗೆ ಎಲ್ಲಿ ಕೂರಿಸಿದರೂ ಒಂದೇ. ನಮ್ಮ ಮೂವರಿಗೆ ಹಾಗಲ್ಲ. ನನಗೆ ಹದಿಮೂರು ವರ್ಷವಿದ್ದಾಗ ಅಪ್ಪ ನೆಲ ಹಾಸಿ ಮುಗಿಸಿದ ಮೇಲೆ ಖಾಲಿ ಕೋರ್ಟಿನಲ್ಲಿ ಚೆಂಡು ಪುಟಿಸುತ್ತಾ ಹೋದೆ. ಒಂದು ಜಾಗದಲ್ಲಿ ಚೆಂಡು ಸೊಂಟದವರೆಗೆ ಬರದೆ ಮೊಣಕಾಲಿಗೇ ಬಿದ್ದುಹೋಯಿತು. ಹಲಗೆ ಒಳಗೇ ಸತ್ತಿತ್ತು. ಅಪ್ಪ ಮೇಸ್ತ್ರಿಗೆ ಹೇಳಲಿಲ್ಲ. ಅದರ ಅಂಚಿಗೆ ಚಾಕುವಿನಿಂದ ಮೂರು ಗೀರು ಹಾಕಿ, "ಇಬ್ಬರೂ ಕೇಳಿಸ್ಕೊಳ್ಳಿ, ಯಾರಾದ್ರೂ ಬಾಯಿ ಬಿಟ್ರೆ ಕಾಲು ಮುರೀತೀನಿ," ಅಂದರು. ನೀನು ಆಗ ಎಂಟು ವರ್ಷದವಳು. ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ತಲೆ ಆಡಿಸಿದೆ.

ಅಂದಿನಿಂದ ಅಪ್ಪ ಆ ಹಲಗೆಯನ್ನು ಪ್ರತಿ ಸಲ ದೊಡ್ಡ ಬಾಗಿಲ ಕಡೆ, ಎಡಗಡೆಗೆ ಹಾಕುತ್ತಿದ್ದರು. ಎರಡನೇ ಅರ್ಧದಲ್ಲಿ ನಮ್ಮ ತಂಡ ಆ ಕಡೆಯ ಬಾಸ್ಕೆಟ್ ಕಾಯುತ್ತದೆ. ಎದುರಾಳಿಯನ್ನು ನಾನು ಮೆಲ್ಲಗೆ ಎಡಕ್ಕೆ, ಎಡಕ್ಕೆ ಅಟ್ಟಿಕೊಂಡು ಹೋಗುತ್ತಿದ್ದೆ. ಅವಳ ಚೆಂಡು ಆ ಹಲಗೆಯ ಮೇಲೆ ಬೀಳುತ್ತಿತ್ತು, ಏಳುತ್ತಿರಲಿಲ್ಲ, ನನ್ನ ಕೈ ಅಲ್ಲಿರುತ್ತಿತ್ತು. ಜನ ನನ್ನನ್ನು ಗಿಡುಗ ಅಂತ ಕರೆದರು. ಗಿಡುಗನ ಕಣ್ಣಂತೆ. ಕಣ್ಣೂ ಇಲ್ಲ, ಮಣ್ಣೂ ಇಲ್ಲ. ಹಲಗೆ.

ಈಗ ಫೈನಲ್. ಅಪ್ಪ ಆಸ್ಪತ್ರೆಯಲ್ಲಿ, ನೆಲ ಹಾಸಿದವಳು ನೀನು. ಒಂದು ಪಾಯಿಂಟ್ ಹಿಂದೆ ಇದ್ದೆವು, ಒಂಬತ್ತು ಸೆಕೆಂಡು ಉಳಿದಿತ್ತು. ಗಡಿಯಾರದ ಕಡೆಯ ಬಾಸ್ಕೆಟ್ಟಿಗೆ ಎಡದಿಂದ ನುಗ್ಗಿದೆ. ಎದುರು ಒಬ್ಬರೂ ಇಲ್ಲ. ಚೆಂಡು ಕೆಳಗೆ ಹೋಯಿತು, ಮೇಲೆ ಬರಲಿಲ್ಲ. ನನ್ನ ಕೈ ಗಾಳಿಯನ್ನು ತಟ್ಟಿತು. ಮಾರನೆಯ ದಿನ ಶೂ ಮರೆತಿದ್ದೇನೆ ಅಂತ ಹೇಳಿ ಹೋಗಿ ಆ ಜಾಗದಲ್ಲಿ ಚೆಂಡು ಪುಟಿಸಿ ನೋಡಿದೆ. ಅದೇ ಹಲಗೆ. ಗಡಿಯಾರದ ಕಡೆ, ಸರಿಯಾಗಿ ನಾನು ಓಡುವ ದಾರಿಯಲ್ಲಿ.

ಆ ಮೂರು ಗೀರು ನಿನಗೆ ಕತ್ತಲಲ್ಲೂ ಬೆರಳಿಗೆ ಸಿಗುತ್ತದೆ. ತಪ್ಪಾಯಿತು ಅಂತ ಬೇರೆ ಯಾರಿಗಾದರೂ ಹೇಳು. ನಾನು ಆಡುವವಳು, ನೀನು ಹೊರುವವಳು. ಅದು ನಿನ್ನ ಹೊಟ್ಟೆಯಲ್ಲಿ ಇಷ್ಟು ವರ್ಷ ಉರಿಯುತ್ತಿತ್ತು ಅಂತ ನನಗೆ ಗೊತ್ತಾಗಲಿಲ್ಲ.

ನಿನ್ನ ಅಕ್ಕ, ಅದು ಬದಲಾಗುವುದಿಲ್ಲವಲ್ಲ


ಅಕ್ಟೋಬರ್ ೨೫

ಅಕ್ಕ,

ಅವತ್ತು ಐಸ್ ಉಜ್ಜುವ ಗಾಡಿ ದೊಡ್ಡ ಬಾಗಿಲಲ್ಲೇ ಕೆಟ್ಟು ನಿಂತಿತ್ತು. ಹಲಗೆಯ ತಳ್ಳುಗಾಡಿಗಳನ್ನು ಗಡಿಯಾರದ ಕಡೆಯ ಚಿಕ್ಕ ಬಾಗಿಲಿಂದ ತಂದರು. ಮೊದಲು ಬರಬೇಕಾದ ಗಾಡಿ ಕೊನೆಗೆ ಬಂತು, ಕೊನೆಯದು ಮೊದಲು. ಗೆರೆಯಿರುವ ಹಲಗೆಗಳನ್ನು ಮೇಸ್ತ್ರಿ ಜಾಗ ನೋಡಿ ಕೂರಿಸಿದ. ಬರೀ ಹಲಗೆಗಳು ಕೈಗೆ ಸಿಕ್ಕಿದ ಹಾಗೆ ಬಿದ್ದವು. ನಾನು ಒಂದು ಸಾಲಿನಲ್ಲಿದ್ದೆ, ಚಾಕು ಗುರುತಿನ ಹಲಗೆ ಬೇರೆಯವರ ಸಾಲಿಗೆ ಹೋಯಿತು. ನಾನು ಅದನ್ನು ಅಲ್ಲಿ ಹಾಕಲಿಲ್ಲ. ಬರೆದಿಟ್ಟುಕೋ.

ಹೊರುವವಳು ಅಂದೆಯಲ್ಲ. ಹೌದು. ನೀನು ತಂಡಕ್ಕೆ ಸೇರಿದ ವರ್ಷ ನಾನು ಏಳನೇ ಕ್ಲಾಸು ಮುಗಿಸಿದೆ. ಎಂಟಕ್ಕೆ ಹೆಸರು ಬರೆಸಬೇಕಾದ ವಾರವೇ ಅಪ್ಪನ ಜೊತೆಗಾರ ಬೆನ್ನು ಹಿಡಿದುಕೊಂಡಿದೆ ಅಂತ ಕೆಲಸ ಬಿಟ್ಟ. ಒಂದು ಹಲಗೆಗೆ ಎರಡು ತುದಿ. ಒಬ್ಬರೇ ಎತ್ತಲು ಆಗುವುದಿಲ್ಲ. ಅಪ್ಪ ನಿನ್ನ ಕಡೆ ನೋಡಲೇ ಇಲ್ಲ, ನಿನಗೆ ಪ್ರಾಕ್ಟೀಸ್ ಇತ್ತು. ನನ್ನ ಕಡೆ ನೋಡಿದರು. ನಾನು ಏನೂ ಹೇಳಲಿಲ್ಲ. ನಾನು ಏನೂ ಹೇಳದಿದ್ದರೆ ಒಪ್ಪಿಕೊಂಡೆ ಅಂತ ಈ ಮನೆಯಲ್ಲಿ ಎಲ್ಲರೂ ತಿಳಿದುಕೊಳ್ಳುತ್ತೀರಿ.

ನೀನು ಓಡಿದ ಒಂದೊಂದು ಹೆಜ್ಜೆಯ ಕೆಳಗೂ ನಾನು ತಂದಿಟ್ಟ ಮರ ಇತ್ತು. ಹನ್ನೊಂದು ವರ್ಷದಲ್ಲಿ ಪೇಪರಿನವರು ನಿನ್ನ ಶೂ ಬಗ್ಗೆ ಕೂಡ ಬರೆದರು. ನೆಲದ ಬಗ್ಗೆ ಯಾರೂ ಬರೆಯಲಿಲ್ಲ. ನನಗೆ ಹೊಟ್ಟೆ ಉರಿಯಿತಾ ಅಂದರೆ, ಉರಿಯಿತು. ಆದರೆ ಹಲಗೆಯ ಜಾಗ ನಾನು ಬದಲಿಸಲಿಲ್ಲ.

ತಂಗಿ


ನವೆಂಬರ್ ೨೩

ತಂಗೀ,

ಹೇಗಿತ್ತು? ದೊಡ್ಡ ಬಾಗಿಲ ಹತ್ತಿರ ಖಾಲಿ ತಳ್ಳುಗಾಡಿಯ ಮೇಲೆ ಕೂತಿದ್ದೆಯಲ್ಲ, ನಾನು ನೋಡಿದೆ. ನೀನು ಬೇರೆ ಕಡೆ ತಿರುಗಿಕೊಂಡೆ.

ನಿಮ್ಮ ಜನ ನನ್ನನ್ನು ಕೂಗಿ ಓಡಿಸಲು ಬಂದಿದ್ದರು. ನಾನು ಕೋರ್ಟಿಗೆ ಕಾಲಿಟ್ಟ ಕೂಡಲೇ ಏನು ಗಲಾಟೆ! ಒಬ್ಬಳು ಮುದುಕಿ, ಹನ್ನೊಂದು ವರ್ಷ ನನ್ನ ಅಂಗಿಯ ನಂಬರ್ ಹೊಲಿದ ಶಾಲು ಹೊದ್ದು ಬರುತ್ತಿದ್ದವಳು, ಕಂಬಿಯ ಮೇಲೆ ಬಾಗಿ, "ಥೂ, ಉಂಡ ಮನೆಗೇ ಬಂದಿದೀಯಾ!" ಅಂದಳು. ಚಳಿ ಇತ್ತೇನೋ, ಶಾಲು ಮಾತ್ರ ಹಾಗೇ ಹೊದ್ದಿದ್ದಳು.

ಹೊರಗಿನಿಂದ ಬಂದ ತಂಡ ಮೊದಲ ಅರ್ಧದಲ್ಲಿ ದೊಡ್ಡ ಬಾಗಿಲ ಕಡೆಯ ಬಾಸ್ಕೆಟ್ ಕಾಯುತ್ತದೆ ಅನ್ನುವುದು ನಿಮಗೆ ಯಾರಿಗೂ ನೆನಪಾಗಲಿಲ್ಲ. ನನ್ನ ಜಾಗಕ್ಕೆ ತಂದಿದ್ದಾರಲ್ಲ ಒಬ್ಬಳನ್ನು, ಕಡ್ಡಿ ಅಂತ ಕರೆಯುತ್ತೀರಂತೆ, ಒಳ್ಳೆಯ ಆಟಗಾತಿ. ಕಾಲು ಚುರುಕು. ಅವಳನ್ನು ಎಡಕ್ಕೆ ಅಟ್ಟಿದೆ. ಮೂರು ಸಲ. ಮೂರು ಸಲವೂ ಅವಳ ಚೆಂಡು ಸತ್ತಿತು, ಮೂರು ಸಲವೂ ನಾನು ತೆಗೆದುಕೊಂಡು ಹೋದೆ. ಮೂರನೆಯ ಸಲಕ್ಕೆ ಅವಳು ತನ್ನ ಕೈಯನ್ನೇ ತಿರುಗಿಸಿ ನೋಡಿಕೊಂಡಳು, ಕೈಯಲ್ಲೇ ಏನೋ ಕೆಟ್ಟಿದೆ ಅನ್ನುವ ಹಾಗೆ. ಹದಿನಾಲ್ಕು ಪಾಯಿಂಟ್ ಅಂತರದಲ್ಲಿ ಗೆದ್ದೆವು.

ಹಲಗೆಯನ್ನು ಹಳೆಯ ಜಾಗಕ್ಕೇ ಹಾಕಿದ್ದಕ್ಕೆ ಉಪಕಾರವಾಯಿತು. ಅಪ್ಪನಿಗೂ ಹೇಳು.

ಗಿಡುಗ


ಡಿಸೆಂಬರ್ ೨

ಅಕ್ಕ,

ಅಪ್ಪನಿಗೆ ಹೇಳಿದೆ. ರೇಡಿಯೋದಲ್ಲಿ ಅವರೇ ಕೇಳಿದ್ದರು. ಮೊದಲ ಸಲ ನೀನು ಚೆಂಡು ಕಿತ್ತಾಗ ಅಭ್ಯಾಸಬಲದಿಂದ ತೊಡೆ ತಟ್ಟಿದರಂತೆ. ಆಮೇಲೆ ಯಾರ ಚೆಂಡು ಅಂತ ನೆನಪಾಗಿ ರೇಡಿಯೋ ಆರಿಸಿದರಂತೆ. ಪಕ್ಕದ ಮನೆಯವರು ಹೇಳಿದರು.

ಅಪ್ಪ ಜೀವನದಲ್ಲಿ ಒಂದೇ ಒಂದು ಕಳ್ಳತನ ಮಾಡಿದ್ದಾರೆ. ಅದನ್ನು ನಿನಗೋಸ್ಕರ ಮಾಡಿದ್ದು. ನೀನು ಅದನ್ನು ಹೊತ್ತುಕೊಂಡು ಹೋಗಿ ಬೇರೆಯವರಿಗೆ ಕೊಟ್ಟೆ. ಕಡ್ಡಿಯನ್ನು ಕೋಚ್ ಎಲ್ಲರ ಎದುರು ಬೈದ. "ಚೆಂಡು ಪುಟಿಸೋಕೆ ಬರಲ್ವಾ? ಚಿಕ್ಕ ಮಕ್ಕಳಿಗೆ ಬರುತ್ತೆ!" ಅಂದ. ಅವಳು ಒಂದು ಗಂಟೆ ಒಬ್ಬಳೇ ಗೋಡೆಯ ಹತ್ತಿರ ಚೆಂಡು ಪುಟಿಸುತ್ತಾ ನಿಂತಿದ್ದಳು. ಆ ಜಾಗ ಬಿಟ್ಟು ಬೇರೆಲ್ಲಾ ಕಡೆ ಅವಳಿಗೆ ಚೆನ್ನಾಗಿಯೇ ಬರುತ್ತದೆ. ನಾನು ಕಸ ಗುಡಿಸುತ್ತಾ ಇದ್ದೆ, ಹೇಳಲು ಬಾಯಿ ಬರಲಿಲ್ಲ.

ಫೆಬ್ರವರಿಯಲ್ಲಿ ಮತ್ತೆ ಇಲ್ಲಿ ಪಂದ್ಯ ಇದೆ ನಿನಗೆ. ಬಾ. ಹಲಗೆ ಯಾರ ಕೈಯಲ್ಲಿದೆ ಅಂತ ಮರೆತಿದ್ದೀಯ.

ಹೊರುವವಳು


ಫೆಬ್ರವರಿ ೧೯

ಬಲಗಡೆಗೆ ಹಾಕಿದೆಯಾ? ಹಾಕು.

ಎರಡನೇ ಅರ್ಧದಲ್ಲಿ ದೊಡ್ಡ ಬಾಗಿಲ ಕಡೆ ನುಗ್ಗುವಾಗ ನಾನು ಎಡ ಬಿಟ್ಟು ಬಲಕ್ಕೆ ಹೋಗುತ್ತೇನೆ ಅಂತ ಲೆಕ್ಕ ಹಾಕಿ ಕೂರಿಸಿದೆಯಲ್ಲ. ಎರಡು ಸಲ ಚೆಂಡು ಕಳೆದುಕೊಂಡೆ. ಎರಡನೆಯ ಸಲ ನಾನು ಮುಗ್ಗರಿಸಿದಾಗ ಇಡೀ ಸಭಾಂಗಣ ಎದ್ದು ನಿಂತು ನಕ್ಕಿತು. ನಿನ್ನ ನಗು ಅದರಲ್ಲಿ ಇತ್ತೋ ಇಲ್ಲವೋ ನನಗೆ ಕೇಳಿಸಲಿಲ್ಲ. ನಿನ್ನದು ಯಾವತ್ತು ಕೇಳಿಸಿದೆ?

ಫೈನಲ್ ದಿನ ಹಲಗೆ ತಾನಾಗಿಯೇ ನಡೆದುಕೊಂಡು ಹೋಗಿ ಆ ಕಡೆ ಮಲಗಿತ್ತು ಅಂತ ಬರೆದಿದ್ದೆಯಲ್ಲ. ಈಗ ಗೊತ್ತಾಯಿತು ಅದಕ್ಕೆ ಕಾಲು ಯಾರದ್ದು ಅಂತ.

ಇನ್ನು ಕಾಗದ ಬರೆಯಬೇಡ.

ಅಕ್ಕ


ಮಾರ್ಚ್ ೪

ಅಕ್ಕ,

ಬರೆಯಬೇಡ ಅಂದೆ, ಬರೆಯುತ್ತೇನೆ. ಇದು ನಿನಗಲ್ಲ, ನನಗೆ ಬೇಕು.

ಹಲಗೆಯನ್ನು ಬಲಗಡೆಗೆ ಹಾಕಿದ್ದು ನಾನೇ. ಹೌದು, ಬೇಕಂತಲೇ. ಎರಡನೇ ಅರ್ಧದಲ್ಲಿ ನೀನು ಬಲಕ್ಕೆ ಬರುತ್ತೀಯ ಅಂತ ಮೂರು ದಿನ ಯೋಚಿಸಿದೆ. ಮೊದಲ ಅರ್ಧದಲ್ಲಿ ನಮ್ಮವರೇ ಆ ಬಾಸ್ಕೆಟ್ಟಿಗೆ ನುಗ್ಗುತ್ತಾರೆ ಅಂತ ಒಂದು ನಿಮಿಷವೂ ಯೋಚಿಸಲಿಲ್ಲ. ನಿನ್ನನ್ನು ಬಿಟ್ಟು ಬೇರೆ ಯಾರಾದರೂ ಆ ನೆಲದ ಮೇಲೆ ಓಡುತ್ತಾರೆ ಅನ್ನುವುದೇ ನನ್ನ ತಲೆಯಲ್ಲಿ ಇರಲಿಲ್ಲ.

ನೀನು ನೋಡಿದೆ, ಆದರೆ ಯಾಕೆ ಅಂತ ನಿನಗೆ ತಿಳಿದಿತ್ತೋ ಇಲ್ಲವೋ. ಕಡ್ಡಿ ಬಲದಿಂದ ಬಂದಳು. ಚೆಂಡು ಏಳಲಿಲ್ಲ. ಅದನ್ನು ಹಿಡಿಯಲು ಪೂರ್ತಿ ಬಗ್ಗಿದಳು. ಹಿಂದಿನಿಂದ ಓಡಿ ಬರುತ್ತಿದ್ದ ನಮ್ಮದೇ ತಂಡದ ಉದ್ದನೆಯವಳು ಅವಳ ಮೇಲೆ ಬಿದ್ದಳು. ಮಣಿಕಟ್ಟು ಮುರಿಯಿತು. ಶಬ್ದ ನಾನು ಕೂತಿದ್ದ ಗಾಡಿಯವರೆಗೂ ಬಂತು. ಹಲಗೆಯ ಕೊಂಡಿ ಕಳಚುವಾಗ ಆಗುತ್ತದಲ್ಲ, ಅಂಥದ್ದೇ ಶಬ್ದ.

ಅವಳನ್ನು ಎತ್ತಿಕೊಂಡು ನನ್ನ ಪಕ್ಕದಲ್ಲೇ ಹೋದರು. ಅಳುತ್ತಿರಲಿಲ್ಲ. "ಚೆಂಡು ಬರಲಿಲ್ಲ, ಚೆಂಡು ಬರಲಿಲ್ಲ ಸಾರ್," ಅಂತ ಕೋಚಿಗೆ ಹೇಳುತ್ತಲೇ ಇದ್ದಳು. "ಆಯ್ತಮ್ಮ, ಮಾತಾಡ್ಬೇಡ," ಅಂದ ಕೋಚ್. ಅವಳ ಮಾತನ್ನು ಅಲ್ಲಿ ನಂಬಿದವಳು ನಾನು ಒಬ್ಬಳೇ.

ತಂಗಿ


ಏಪ್ರಿಲ್ ೨೦

ತಂಗೀ,

ನೀವು ಪ್ಲೇಆಫ್ ದಾಟಿ ಫೈನಲ್‌ವರೆಗೆ ಬರುತ್ತೀರಿ ಅಂತ ನಾನು ಅಂದುಕೊಂಡಿರಲಿಲ್ಲ. ಬಂದಿರಿ. ಮೂರರಲ್ಲಿ ಒಂದು ಪಂದ್ಯ ನಿಮಗೆ, ಒಂದು ನಮಗೆ. ಮೂರನೆಯದು ಶನಿವಾರ, ನಿನ್ನ ನೆಲದ ಮೇಲೆ.

ನೇರವಾಗಿ ಕೇಳುತ್ತೇನೆ. ಹಲಗೆ ಎಲ್ಲಿ ಹಾಕುತ್ತೀಯ? ಹೇಳದಿದ್ದರೆ ಲೀಗ್ ಕಚೇರಿಗೆ ಬರೆಯುತ್ತೇನೆ. ಅವರು ಚೆಂಡು ತಂದು ಇನ್ನೂರ ಇಪ್ಪತ್ನಾಲ್ಕನ್ನೂ ಒಂದೊಂದಾಗಿ ಬಡಿದು ನೋಡುತ್ತಾರೆ. ಮೂರು ಗೀರು ಯಾರ ಚಾಕುವಿನದ್ದು ಅಂತ ಮೇಸ್ತ್ರಿಯನ್ನು ಕೇಳುತ್ತಾರೆ. ಮೂವತ್ತು ವರ್ಷ ನೆಲ ಹಾಸಿದ ಅಪ್ಪನ ಹೆಸರು ಒಂದೇ ದಿನದಲ್ಲಿ ಏನಾಗುತ್ತದೆ ಅಂತ ನೀನೇ ಯೋಚಿಸು. ನಿನ್ನ ಕೆಲಸದ ಬಗ್ಗೆ ನಾನು ಹೇಳುವುದಿಲ್ಲ.

ಇದು ಬೆದರಿಕೆಯೇ. ಬೇರೆ ಹೆಸರು ಕೊಡುವುದಿಲ್ಲ. ನನಗೆ ಇಪ್ಪತ್ತೊಂಬತ್ತು. ಬೆಳಿಗ್ಗೆ ಎದ್ದರೆ ಎಡಪಾದ ನೆಲಕ್ಕೆ ಊರಲು ಹತ್ತು ನಿಮಿಷ ಬೇಕು. ಇನ್ನೊಂದು ಫೈನಲ್ ನನಗೆ ಬರುವುದಿಲ್ಲ. ಈ ಊರಿನಲ್ಲೂ ನನ್ನನ್ನು ಚೆಂಡು ಬಿಟ್ಟವಳು ಅಂತಲೇ ಗುರುತಿಸುತ್ತಾರೆ, ಹಸಿರು ಅಂಗಿ ಕೊಟ್ಟ ಮಾತ್ರಕ್ಕೆ ಮರೆತಿಲ್ಲ. ನನಗೆ ಆ ಒಂಬತ್ತು ಸೆಕೆಂಡು ವಾಪಸ್ ಬೇಕು, ಅದೇ ನೆಲದ ಮೇಲೆ. ಅದನ್ನು ಇನ್ನೊಂದು ಸಲ ನೀನು ಕಿತ್ತುಕೊಳ್ಳಲು ನಾನು ಬಿಡುವುದಿಲ್ಲ.

ಅಕ್ಕ


ಏಪ್ರಿಲ್ ೨೨

ಅಕ್ಕ,

ಕಚೇರಿಗೆ ಬರೆ. ಗಿಡುಗನ ರೆಕ್ಕೆಯೂ ಅದೇ ಹಲಗೆಯಲ್ಲಿದೆ. ಅವರು ಎರಡನ್ನೂ ಒಟ್ಟಿಗೇ ಎತ್ತುತ್ತಾರೆ.

ಹಲಗೆ ಈಗ ಕೋರ್ಟಿನಲ್ಲಿ ಇಲ್ಲ. ಕಡ್ಡಿಯ ಕೈ ಮುರಿದ ಮೂರನೆಯ ವಾರ ನಾನೇ ಮೇಸ್ತ್ರಿಯ ಹತ್ತಿರ ಹೋದೆ. ಹನ್ನೊಂದು ವರ್ಷದಲ್ಲಿ ನಾನಾಗಿಯೇ ಅವನನ್ನು ಮಾತಾಡಿಸಿದ್ದು ಅದೇ ಮೊದಲು. "ಈ ಹಲಗೆ ಸತ್ತಿದೆ," ಅಂದೆ. ಅವನು ಚೆಂಡು ತಂದು ಪುಟಿಸಿದ. "ಯಾವಾಗಿಂದ?" ಅಂದ. "ಇವತ್ತು ಗೊತ್ತಾಯ್ತು," ಅಂದೆ. ಅವನು ಕುಕ್ಕರಗಾಲಲ್ಲಿ ಕೂತು ಅಂಚಿನ ಮೇಲೆ ಹೆಬ್ಬೆರಳು ಆಡಿಸಿದ. ತುಂಬಾ ಹೊತ್ತು ಆಡಿಸಿದ. "ನಿಮ್ಮಪ್ಪನ ಚಾಕು ನಂಗೊತ್ತಿಲ್ವೇನಮ್ಮ? ಅದ್ರಲ್ಲೇ ನನಗೆ ಸೇಬು ಕತ್ತರಿಸಿ ಕೊಡ್ತಿದ್ದ," ಅಂದ. ಆಮೇಲೆ ಎದ್ದು ಮಂಡಿ ಒರೆಸಿಕೊಂಡು, "ತಗೊಂಡ್ಹೋಗು. ನನ್ನ ಕಣ್ಣಿಗೆ ಬೀಳ್ಬಾರ್ದು," ಅಂದ. ಉಗ್ರಾಣದಿಂದ ಹೊಸ ಹಲಗೆ ತಂದು ಕೂರಿಸಿದೆವು. ಸಂಜೆ ಅವನೇ ಇನ್ನೊಂದು ತುದಿ ಹಿಡಿದು ಮನೆಯವರೆಗೆ ತಂದುಕೊಟ್ಟ.

ಅಪ್ಪ ನೋಡಿದರು. ಒಂದು ಮಾತೂ ಆಡಲಿಲ್ಲ, ಇವತ್ತಿನವರೆಗೂ ಆಡಿಲ್ಲ. ಹಿತ್ತಲಿನ ನಲ್ಲಿಯ ಕೆಳಗೆ ಹಾಕಿಸಿದ್ದಾರೆ. ಅದರ ಮೇಲೆ ನಿಂತು ಕಾಲು ತೊಳೆಯುತ್ತಾರೆ. ನೆಲದ ಮೇಲೆ ಒಂದು ತೊಟ್ಟು ನೀರು ಬಿದ್ದರೆ ತಮ್ಮ ಅಂಗಿಯಲ್ಲೇ ಒರೆಸುತ್ತಿದ್ದವರು. ನನಗೆ ಕಾಣಲಿ ಅಂತಲೇ ಹಾಗೆ ಮಾಡುತ್ತಾರೆ.

ಇನ್ನೊಂದು ವಿಷಯ. ಇದನ್ನು ಹೇಳದೆ ಮೊದಲಿನದ್ದನ್ನು ಮಾತ್ರ ಹೇಳಿದರೆ ಅರ್ಧ ಸುಳ್ಳಾಗುತ್ತದೆ.

ಹೋದ ವರ್ಷದ ಫೈನಲ್ ದಿನ ನಾನು ಹಲಗೆಯನ್ನು ಆ ಕಡೆ ಹಾಕಲಿಲ್ಲ, ಅದು ನಿಜ. ಆದರೆ ಹಾಕಿದ ಮೇಲೆ ನೋಡಿದೆ. ಪಂದ್ಯಕ್ಕೆ ಎರಡು ಗಂಟೆ ಮೊದಲು ಗುಡಿಸುವಾಗ ಕಾಲಿಗೆ ಗೊತ್ತಾಯಿತು. ಆಗ ಕೊಂಡಿ ಬಿಚ್ಚಿದರೆ ಇಡೀ ಸಾಲು ಎತ್ತಬೇಕಿತ್ತು, ಮೇಸ್ತ್ರಿಗೆ ಕಾರಣ ಹೇಳಬೇಕಿತ್ತು. ಹಾಗಾಗಿ ನಿನಗೆ ಹೇಳೋಣ ಅಂತ ನಿಮ್ಮ ಬಟ್ಟೆ ಬದಲಿಸುವ ರೂಮಿನ ಬಾಗಿಲಿಗೆ ಬಂದೆ. ಬಾಗಿಲು ಕಾಯುವವಳು ಒಳಗೆ ಹೋಗಿ, "ನಿಮ್ಮ ತಂಗಿ ಬಂದಿದಾಳೆ," ಅಂದಳು. ನೀನು ಅಂದದ್ದು ನನಗೆ ಕೇಳಿಸಿತು. "ಪಾಸ್ ಕೇಳೋಕೆ ಬಂದಿರ್ತಾಳೆ. ಈಗ ಯಾರನ್ನೂ ನೋಡಲ್ಲ ಅನ್ನು. ಆ ಧೂಳಿನ ಬಟ್ಟೇಲಿ ಒಳಗೆ ಬಿಡ್ಬೇಡ." ಒಳಗೆ ಯಾರೋ ನಕ್ಕರು.

ನಾನು ಯಾವತ್ತಾದರೂ ನಿನ್ನ ಹತ್ತಿರ ಪಾಸ್ ಕೇಳಿದ್ದೇನಾ?

ಕೂಗಿ ಹೇಳಬಹುದಿತ್ತು. ಒಂದು ಚೀಟಿ ಬರೆದು ಕೊಡಬಹುದಿತ್ತು. ಹಾಗೇ ವಾಪಸ್ ಹೋದೆ. ಆಗಲಿ, ಒಂದು ಸಲ ಅವಳೂ ಬೀಳಲಿ ಅನ್ನಿಸಿತು. ಕೊನೆಯ ಒಂಬತ್ತು ಸೆಕೆಂಡಿನಲ್ಲೇ ಬೀಳುತ್ತೀಯ ಅಂತ ಗೊತ್ತಿರಲಿಲ್ಲ. ಅದು ನನ್ನ ಪಾಲು. ತೆಗೆದುಕೊಂಡಿದ್ದೇನೆ.

ಶನಿವಾರದ ನೆಲದಲ್ಲಿ ಸತ್ತ ಹಲಗೆ ಇಲ್ಲ. ಎಡಕ್ಕೆ ಬಾ, ಬಲಕ್ಕೆ ಬಾ. ನೀನು ಸೋಲಬೇಕು ಅಂತಲೇ ನನಗೆ ಆಸೆ. ಆದರೆ ಆಡಿ ಸೋಲು.

ತಂಗಿ


ಏಪ್ರಿಲ್ ೨೪

ಓದಿದೆ.

ಒಂದು ಸಲ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡೆ. ಇನ್ನೊಂದು ಸಲ ಬಲಗಡೆ ಬಲೆ ಹಾಸಿದೆ. ಮೂರನೆಯ ಸಲ, ಅದೂ ಪಂದ್ಯಕ್ಕೆ ಎರಡು ದಿನ ಇರುವಾಗ, ನೆಲ ಚೆನ್ನಾಗಿದೆ ಬಾ ಅನ್ನುತ್ತೀಯ. ಬಾಗಿಲ ಹತ್ತಿರದ ಕಥೆಯನ್ನೂ ಸೇರಿಸಿ ಚೆನ್ನಾಗಿ ಬರೆದಿದ್ದೀಯ. ಏಳನೇ ಕ್ಲಾಸಿಗೆ ಇದು ಹೆಚ್ಚೇ ಆಯಿತು.

ಎಡಕ್ಕೆ ಬಾ ಅಂತ ಎರಡು ಸಲ ಹೇಳಿಸಿಕೊಳ್ಳುವಷ್ಟು ದಡ್ಡಿ ನಾನಲ್ಲ.

ಅಕ್ಕ


ಮೇ ೧

ಅಕ್ಕ,

ಎರಡು ಸಲ ಹೇಳಿರಲಿಲ್ಲ. ಎಡಕ್ಕೆ ಬಾ, ಬಲಕ್ಕೆ ಬಾ ಅಂತ ಒಂದೊಂದು ಸಲ ಹೇಳಿದ್ದೆ. ನೀನು ನಿನಗೆ ಬೇಕಾದ್ದನ್ನು ಓದಿಕೊಂಡೆ.

ಪಂದ್ಯದ ಬಗ್ಗೆ ಪೇಪರಿನವರು ಏನೇನೋ ಬರೆದಿದ್ದಾರೆ. ಗಿಡುಗನಿಗೆ ವಯಸ್ಸಾಯಿತು, ಗಿಡುಗನಿಗೆ ಹಳೆಯ ಭಯ. ನಾನು ತಳ್ಳುಗಾಡಿಯ ಮೇಲೆ ಕೂತಿದ್ದೆ. ನಾನು ನೋಡಿದ್ದನ್ನು ಬರೆಯುತ್ತೇನೆ.

ನೀವು ಒಂದು ಪಾಯಿಂಟ್ ಹಿಂದೆ ಇದ್ದಿರಿ. ಗಡಿಯಾರದಲ್ಲಿ ಹನ್ನೊಂದು ಸೆಕೆಂಡು. ನೀನು ದೊಡ್ಡ ಬಾಗಿಲ ಕಡೆ, ಅಂದರೆ ನನ್ನ ಕಡೆಗೇ ಓಡಿ ಬಂದೆ. ಉದ್ದನೆಯವಳು ಬಲಕ್ಕೆ ಜಾರಿದಳು. ಎಡಗಡೆ ಪೂರ್ತಿ ಖಾಲಿ. ಒಂದು ಎತ್ತಿನಗಾಡಿ ಹೋಗುವಷ್ಟು ಖಾಲಿ. ಆಗ ನೀನು ಚೆಂಡು ನೋಡಲಿಲ್ಲ, ಬಾಸ್ಕೆಟ್ ನೋಡಲಿಲ್ಲ. ನೆಲ ನೋಡಿದೆ. ಸರಿಯಾಗಿ ಆ ಜಾಗವನ್ನೇ ನೋಡಿದೆ. ಹಲಗೆಯ ಅಂಚಿಗೆ ಬಂದು ನಿಂತೆ, ಅಲ್ಲಿ ಯಾರೋ ಮಲಗಿದ್ದಾರೆ ಅನ್ನುವ ಹಾಗೆ. ನಿಂತು, ತಿರುಗಿ, ಪಾಸ್ ಕೊಟ್ಟೆ. ಕಡ್ಡಿ ಅದಕ್ಕೇ ಕಾಯುತ್ತಿದ್ದಳು. ಪಟ್ಟಿ ಕಟ್ಟಿದ್ದ ಕೈಯಲ್ಲೇ ಹಿಡಿದಳು.

ಜನ ಕೂಗಿ ಕುಣಿದರು. ಮೇಸ್ತ್ರಿ ನನ್ನ ಬೆನ್ನಿಗೆ ಗುದ್ದಿ, "ಗೆದ್ವಲ್ಲೇ!" ಅಂದ. ನಾನು ಎದ್ದು ನಿಂತೆ, ನನಗೆ ಕೂಗು ಬರಲಿಲ್ಲ. ನೀನು ಇನ್ನೂ ಅಲ್ಲೇ ನಿಂತಿದ್ದೆ, ಹೊಸ ಹಲಗೆಯಿಂದ ಒಂದು ಗೇಣು ಆಚೆ. ಅದರ ಮೇಲೆ ಕಾಲು ಇಡಲೇ ಇಲ್ಲ.

ಎಲ್ಲರೂ ಹೋದ ಮೇಲೆ ನಾನು ಹೋಗಿ ಅಲ್ಲಿ ಚೆಂಡು ಪುಟಿಸಿದೆ. ಸೊಂಟದವರೆಗೆ ಬಂತು. ಇಪ್ಪತ್ತು ಸಲ ಪುಟಿಸಿದೆ, ಇಪ್ಪತ್ತು ಸಲವೂ ಬಂತು.

ಮನೆಗೆ ಹೋದಾಗ ಅಪ್ಪ ರೇಡಿಯೋ ಎದುರು ಕೂತಿದ್ದರು. ಎಷ್ಟೋ ವಾರದ ಮೇಲೆ ಬಾಯಿ ಬಿಟ್ಟರು. "ಯಾಕೆ ನಿಂತ್ಲು?" ಅಂದರು. "ಹಲಗೆ ಅಲ್ಲೇ ಇದೆ ಅಂದ್ಕೊಂಡ್ಲು," ಅಂದೆ. "ನೀನು ಹೇಳ್ಲಿಲ್ವಾ?" "ಹೇಳ್ದೆ." ಅಪ್ಪ ತಮ್ಮ ಎರಡು ಮೊಣಕಾಲನ್ನೂ ಉಜ್ಜಿಕೊಳ್ಳುತ್ತಾ ಕೂತರು. ಆಮೇಲೆ, "ತಪ್ಪು ಮಾಡ್ದೋನು ನಾನು, ಬಿದ್ದೋರು ನೀವು," ಅಂತ ರೇಡಿಯೋಗೆ ಹೇಳಿದರು.

ನೀನು ಸೋಲಬೇಕು ಅಂತ ಆಸೆಪಟ್ಟಿದ್ದೆ. ಸೋತೆ. ನನಗೆ ಏನೂ ಸಿಗಲಿಲ್ಲ.

ನೀನು ನಂಬಲಿಲ್ಲ. ನಿನ್ನ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ. ಇದನ್ನೂ ನಂಬಬೇಡ.

ತಂಗಿ


ಮೇ ೧೭

ತಂಗೀ,

ಭಾನುವಾರ ಮನೆಗೆ ಬಂದಿದ್ದೆ. ನೀನು ಇರುವುದಿಲ್ಲ ಅಂತ ಗೊತ್ತಿದ್ದೇ ಬಂದೆ. ಸೀಸನ್ ಮುಗಿದ ಮೇಲೆ ನೆಲ ಎತ್ತಿ ಉಗ್ರಾಣಕ್ಕೆ ಸೇರಿಸುವ ದಿನ ಯಾವುದು ಅಂತ ನಾನು ಮರೆತಿಲ್ಲ.

ಅಪ್ಪ ಹಿತ್ತಲಲ್ಲಿ ಕಾಲು ತೊಳೆಯುತ್ತಿದ್ದರು. ನನ್ನನ್ನು ನೋಡಿ ನಲ್ಲಿ ನಿಲ್ಲಿಸಿದರು. ನಾನು ಕೆಳಗೆ ಕೂತು ಹಲಗೆಯ ಅಂಚಿನ ಮೇಲೆ ಬೆರಳಾಡಿಸಿದೆ. ಪಾಚಿ ಹಿಡಿದಿತ್ತು, ಉಗುರಿನಿಂದ ಕೆರೆದೆ. ಮೂರು ಗೀರು ಸಿಕ್ಕಿದವು. ಅಷ್ಟಕ್ಕೇ ನಂಬಬಹುದಿತ್ತು. ನಂಬಲಿಲ್ಲ. ನನ್ನ ಹಳೆಯ ಚೆಂಡು ಮಂಚದ ಕೆಳಗೇ ಇತ್ತು, ಗಾಳಿ ಇರಲಿಲ್ಲ. ಅಪ್ಪ ಸೈಕಲ್ ಪಂಪು ತಂದು ತುಂಬಿಸಿಕೊಟ್ಟರು. ಅಂಚಿನಲ್ಲಿ ಪುಟಿಸಿದೆ, ಎದ್ದಿತು. ಗೀರಿನಿಂದ ಮೂರು ಗೇಣು ಒಳಗೆ ಪುಟಿಸಿದೆ. ಮೊಣಕಾಲಿಗೂ ಬರಲಿಲ್ಲ.

"ಅವಳು ಹೇಳಿದ್ದು ನಿಜವೋ ಸುಳ್ಳೋ ನೋಡೋಕೆ ಇಷ್ಟು ದೂರ ಬಂದ್ಯಾ?" ಅಂದರು ಅಪ್ಪ. ಹೌದು ಅಂದೆ.

ಬಾಗಿಲ ಹತ್ತಿರ ನೀನು ಬಂದದ್ದು ನನಗೆ ನೆನಪಿದೆ. ನಾನು ಅಂದದ್ದೂ ನೆನಪಿದೆ. ಧೂಳಿನ ಬಟ್ಟೆ ಅಂದದ್ದನ್ನು ನೀನು ಬರೆದಾಗ, ಇವಳು ಸೇರಿಸಿಕೊಂಡಿದ್ದಾಳೆ ಅಂತ ನನಗೇ ಹೇಳಿಕೊಂಡೆ. ನೀನು ಸೇರಿಸಿಕೊಂಡಿರಲಿಲ್ಲ. ನಕ್ಕವಳೂ ನಾನೇ.

ಇದಕ್ಕೆಲ್ಲ ನಿನ್ನ ಮೇಲಿನ ಸಿಟ್ಟು ಹೋಯಿತು ಅಂತ ತಿಳಿಯಬೇಡ. ಒಂದು ಕಡೆಯ ಒಂಬತ್ತು ಸೆಕೆಂಡು, ಇನ್ನೊಂದು ಕಡೆಯ ಹನ್ನೊಂದು. ಇಪ್ಪತ್ತು ಸೆಕೆಂಡು ನನಗೆ ಯಾರೂ ವಾಪಸ್ ಕೊಡುವುದಿಲ್ಲ. ಮೊದಲನೆಯದು ನಿನ್ನದು, ಎರಡನೆಯದು ನನ್ನದು ಅಂತ ಹಂಚಿಕೊಂಡರೂ ನನಗೆ ನಿದ್ದೆ ಬರುವುದಿಲ್ಲ.

ಹಲಗೆಯ ನಲ್ಲಿ ಕಡೆಯ ಮೂಲೆ ಮೆತ್ತಗಾಗಿದೆ. ಇನ್ನೊಂದು ಮಳೆಗೆ ಕೊಳೆಯುತ್ತದೆ. ಎತ್ತಿ ಒಳಗೆ ಇಡೋಣ ಅಂತ ಒಂದು ಕಡೆ ಹಿಡಿದೆ. ಅಪ್ಪ ಇನ್ನೊಂದು ಕಡೆ ಬಗ್ಗಿದರು, ಮೊಣಕಾಲು ಕೇಳಲಿಲ್ಲ, ಹಾಗೇ ಕೂತುಬಿಟ್ಟರು. ನಾನೊಬ್ಬಳೇ ಎಳೆದೆ. ಒಂದು ಅಂಗುಲವೂ ಅಲ್ಲಾಡಲಿಲ್ಲ. ನೀವು ಎತ್ತುವ ಇಂಥ ಹಲಗೆಗಳು ಇನ್ನೂರ ಇಪ್ಪತ್ನಾಲ್ಕು ಅಂತ ನನಗೆ ಎಣಿಕೆ ಗೊತ್ತಿತ್ತು. ಭಾರ ಗೊತ್ತಿರಲಿಲ್ಲ.

ಬರುವ ಶನಿವಾರ ಬೆಳಿಗ್ಗೆಯ ಬಸ್ಸಿಗೆ ಬರುತ್ತೇನೆ. ಮನೆಯಲ್ಲಿರು. ನನ್ನನ್ನು ಮಾತಾಡಿಸಬೇಡ. ಕ್ಷಮೆ ಕೇಳಬೇಡ, ನಾನೂ ಕೇಳುವುದಿಲ್ಲ. ಬೆರಳು ಎಲ್ಲಿ ಇಡಬೇಕು ಅಂತ ತೋರಿಸು, ಹೆಜ್ಜೆ ಎಣಿಸು, ಅಷ್ಟು ಸಾಕು.

ನಿನ್ನ ತುದಿ ನೀನು ಹಿಡಿ.

ಅಕ್ಕ